ವೀಗನ್ ಆದ್ರೆ ಆಯಸ್ಸು ಜಾಸ್ತಿನಾ?

ಮಾಂಸ, ಮೊಟ್ಟೆ, ಹಾಲು, ತುಪ್ಪ...
ಎಲ್ಲಾ ಬಿಟ್ರೆ ನೂರು ವರ್ಷ ಗ್ಯಾರಂಟಿನಾ?

ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದವರು
73 ಸಾವಿರ ಅಡ್ವೆಂಟಿಸ್ಟ್ ಕ್ರೈಸ್ತರನ್ನ
ವರ್ಷಗಟ್ಟಲೆ ಗಮನಿಸಿದ್ರು.

2013ರಲ್ಲಿ ಲೆಕ್ಕ ಹೊರಬಂತು.
ಸಸ್ಯಾಹಾರದ ಕಡೆಯವರಲ್ಲಿ
ಸಾವಿನ ಅಪಾಯ ಶೇಕಡಾ 12 ಕಮ್ಮಿ!

ಆದ್ರೆ ತಡೀರಿ.
ವೀಗನ್‌ಗಳಿಗಿಂತ ಕೂದಲೆಳೆಯಷ್ಟು ಮುಂದಿದ್ದೋರು ಯಾರು ಗೊತ್ತಾ?
ಮಾಂಸ ಬಿಟ್ಟು ಮೀನು ತಿನ್ನೋರು!
(ಮಂಗಳೂರಿನವ್ರು ಈಗ ನಗ್ಬೋದು.)

ಇನ್ನೊಂದು ವಿಷ್ಯ.
ಅಡ್ವೆಂಟಿಸ್ಟರಲ್ಲಿ ಸಿಗರೇಟು, ಕುಡಿತ ತೀರಾ ಕಮ್ಮಿ.
ಬಿಸಿಬೇಳೆಬಾತ್ ಚೆನ್ನಾಗಿದೆ ಅಂತ
ಬರೀ ಗೋಡಂಬಿಗೆ ಹೆಸರು ಕೊಡ್ತೀವಾ?

ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಂತೂ
ಸಸ್ಯಾಹಾರಿ, ಮಾಂಸಾಹಾರಿಗಳ ಆಯಸ್ಸಲ್ಲಿ
ಹೇಳ್ಕೊಳ್ಳೋ ವ್ಯತ್ಯಾಸ ಸಿಗಲಿಲ್ಲ.

ವೀಗನ್ ಆಗ್ಬೇಕಾ? ಧಾರಾಳವಾಗಿ ಆಗಿ.
ಕಾಳು, ಸೊಪ್ಪು ತಿನ್ನಿ.
ಚಿಪ್ಸು, ಕೋಲಾನೂ ವೀಗನ್ನೇ, ಹುಷಾರು!
ಡಾಕ್ಟರನ್ನ ಕೇಳಿ ಬಿ12 ಮಾತ್ರೆ ತಗೊಳ್ಳಿ.