ಪುಟ್ಟ ಉಪ್ಪುನೀರಿನ ತೊಟ್ಟಿಗೆ ಯಾವ ಮೀನು?

ಪ್ರಶ್ನೆ: ಮಲೆನಾಡಿನ ಹೆಬ್ಬೆಯಲ್ಲಿ, ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಸಾಕಬಹುದೇ?

ಉತ್ತರ: ಸಾಕಬಹುದು. ಆದರೆ ಆರಿಸುವಾಗ ನೋಡಬೇಕಾದದ್ದು ಅಂಗಡಿಯಲ್ಲಿ ಕಂಡ ಗಾತ್ರವನ್ನಲ್ಲ, ಆ ಮೀನು ಕಡಲಲ್ಲಿ ಎಷ್ಟು ಜಾಗ ಬಳಸುತ್ತದೆ ಎಂಬುದನ್ನು. ಕ್ಲೌನ್ ಮೀನು ಹವಳದ ದಿಬ್ಬದಲ್ಲಿ ಒಂದೇ ಕಡಲಹೂವಿನ (ಸೀ ಅನೆಮೊನಿ) ಆಸುಪಾಸಿನಲ್ಲಿ ಬಾಳುತ್ತದೆ. ಅದರ ಒಂದು ಜೋಡಿ ಸಾಕು. ನೀಲಿ ಟ್ಯಾಂಗ್‌ನ ಮರಿಯೂ ಈಗ ಚಿಕ್ಕದೇ ಅಲ್ಲವೇ ಎನ್ನಬಹುದು. ಅದು ಸುಮಾರು 30 ಸೆಂ.ಮೀ. ಬೆಳೆದು ದೂರದೂರ ಈಜುವ ಜಾತಿ, ಇಲ್ಲಿಡುವುದು ಹಿಂಸೆಯೇ. ತೊಟ್ಟಿ ಚಿಕ್ಕದಾದಷ್ಟೂ ಆರೈಕೆ ಸುಲಭವೆಂಬ ವಾದವೂ ನಿಲ್ಲದು. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ, ಲೀಟರಿಗೆ ಸುಮಾರು 35 ಗ್ರಾಂ ಇರಬೇಕಾದ ಉಪ್ಪು ಕಡಿಮೆ ನೀರಿನಲ್ಲಿ ಬೇಗ ಏರುತ್ತದೆ. ಇಳಿದಷ್ಟನ್ನು ಸಿಹಿನೀರಿನಿಂದಲೇ ತುಂಬಿಸಿ. ಮಲೆನಾಡಿನ ಚಳಿಗೆ ಹೀಟರ್ ಬೇಕೇ ಬೇಕು. ಕೊಳ್ಳುವಾಗ ಹವಳದ ದಿಬ್ಬದಿಂದ ಹಿಡಿದದ್ದನ್ನು ಬಿಟ್ಟು, ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನು ಕೇಳಿ ಪಡೆಯಿರಿ.