ಶಿಕ್ಷೆಗೆ ಅರ್ಹನಾದವನು ಕರುಣೆಯನ್ನು ಬೇಡಬಹುದೇ?

‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ವಿರಳ. ನಿರಪರಾಧಿಯಾಗಿ ನೊಂದವನು ದೇವರಿಗೆ ಮೊರೆಯಿಟ್ಟರೆ ನಾವು ಮರುಗುತ್ತೇವೆ. ಸ್ವಂತ ತಪ್ಪಿನಿಂದ ಸಂಕಟಕ್ಕೆ ಸಿಲುಕಿದವನು ಹಾಗೆಯೇ ಮೊರೆಯಿಟ್ಟರೆ ಈ ಗಾದೆ ನಮ್ಮ ನಾಲಗೆಗೆ ಬರುತ್ತದೆ. ಎಷ್ಟೋ ವೇಳೆ ತಪ್ಪಿತಸ್ಥನೇ ತನಗೆ ತಾನು ಈ ಮಾತನ್ನು ಹೇಳಿಕೊಂಡು ಪ್ರಾರ್ಥನೆಯನ್ನು ನಿಲ್ಲಿಸಿಬಿಡುತ್ತಾನೆ. ಕುಡಿತದಿಂದ ಕೆಲಸ ಕಳೆದುಕೊಂಡ ತಂದೆ, ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿ, ಇವರೆಲ್ಲ ಯಾವ ಮುಖ ಹೊತ್ತು ದೇವರ ಸನ್ನಿಧಿಗೆ ಹೋಗಬೇಕು?

ಗ್ರೀಕ್ ತತ್ವಜ್ಞಾನಿ ಪ್ಲೇಟೋ ತನ್ನ ‘ಗೋರ್ಗಿಯಸ್’ ಸಂವಾದದಲ್ಲಿ ಸಾಕ್ರಟೀಸನ ಮುಖಾಂತರ ಒಂದು ವಿಚಾರವನ್ನು ಮಂಡಿಸುತ್ತಾನೆ. ಅನ್ಯಾಯವೆಸಗಿ ಶಿಕ್ಷೆಯಿಂದ ಪಾರಾದವನು ಶಿಕ್ಷೆಯನ್ನು ಅನುಭವಿಸಿದವನಿಗಿಂತ ಹೆಚ್ಚು ದುರ್ಭಾಗ್ಯವಂತ. ಆದ್ದರಿಂದ ರೋಗಿಯು ವೈದ್ಯನಲ್ಲಿಗೆ ಹೋಗುವಂತೆ ಅಪರಾಧಿಯು ನ್ಯಾಯಾಧೀಶನಲ್ಲಿಗೆ ಹೋಗಬೇಕು ಎಂಬುದು ಅವನ ವಾದ. ಇದನ್ನು ನಾವು ಒಪ್ಪುತ್ತೇವೆ. ಆದರೆ ಚಿಕಿತ್ಸೆಗೆ ಒಳಗಾದವನು ವೈದ್ಯನ ಕೈ ಮೃದುವಾಗಿರಲಿ ಎಂದು ಬೇಡಿಕೊಂಡರೆ ಅದು ತಪ್ಪಾಗುವುದೇ? ಪಶ್ಚಾತ್ತಾಪದ ಏಳು ಕೀರ್ತನೆಗಳಲ್ಲಿ ಮೊದಲನೆಯದಾದ 6ನೆಯ ಕೀರ್ತನೆಯ ಬೇಡಿಕೆಯೂ ಇಂಥದೇ. ಕೀರ್ತನೆಗಾರ ತಾನು ನಿರ್ದೋಷಿಯೆಂದು ವಾದಿಸುವುದಿಲ್ಲ. ದೇವರ ತಿದ್ದುವಿಕೆಯು ಕೋಪದಿಂದ ಆಗದಿರಲಿ ಎಂದು ಅಂಗಲಾಚುತ್ತಾನೆ. ಕ್ರಿ.ಶ. 430ರಲ್ಲಿ ಹಿಪ್ಪೋ ನಗರದಲ್ಲಿ ಮರಣಶಯ್ಯೆಯಲ್ಲಿದ್ದ ಸಂತ ಅಗಸ್ಟೀನರು ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ, ಗೋಡೆಗೆ ತೂಗುಹಾಕಿಸಿ, ಅವನ್ನು ಓದುತ್ತಾ ಕಣ್ಣೀರಿಟ್ಟರು.

ಸಮುವೇಲನ ಎರಡನೆಯ ಗ್ರಂಥದ ಕೊನೆಯ ಅಧ್ಯಾಯವು ಈ ವಿಷಯವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಯೋವಾಬನು ಬೇಡವೆಂದರೂ ಕೇಳದೆ ದಾವೀದ ಅರಸನು ಜನಗಣತಿ ಮಾಡಿಸಿದನು. ಗಣತಿ ಮುಗಿದ ಮೇಲೆ ಅವನ ಮನಸ್ಸಾಕ್ಷಿ ಅವನನ್ನು ಚುಚ್ಚಿತು. ಪಾಪವನ್ನು ಒಪ್ಪಿಕೊಂಡನು, ಆದರೂ ಶಿಕ್ಷೆ ತಪ್ಪಲಿಲ್ಲ. ಕ್ಷಾಮ, ಶತ್ರುಗಳ ಮುಂದೆ ಪಲಾಯನ, ವ್ಯಾಧಿ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಪ್ರವಾದಿ ಗಾದನು ಹೇಳಿದಾಗ, ಮನುಷ್ಯರ ಕೈಗೆ ಸಿಕ್ಕುವುದಕ್ಕಿಂತ ಕರುಣಾಮಯನಾದ ದೇವರ ಕೈಗೆ ಬೀಳುವುದೇ ಲೇಸೆಂದು ದಾವೀದನು ಉತ್ತರಿಸಿದನು. ಯಾವ ಕೈ ತನ್ನನ್ನು ದಂಡಿಸುವುದೋ ಆ ಕೈಯನ್ನೇ ಆಶ್ರಯಿಸಿದನು.

ಈ ವೃತ್ತಾಂತದಲ್ಲಿ ನಮ್ಮ ಮನಸ್ಸನ್ನು ಕಲಕುವ ಸಂಗತಿಯೂ ಇದೆ. ವ್ಯಾಧಿಗೆ ಬಲಿಯಾದವರು 70,000 ಮಂದಿ. ಗಣತಿ ಮಾಡಿಸಿದವನು ಬದುಕಿದನು. ಇದು ಸುಲಭವಾಗಿ ಜೀರ್ಣವಾಗುವ ಮಾತಲ್ಲ. ದಾವೀದನಿಗೂ ಆಗಲಿಲ್ಲ. ತಪ್ಪು ತನ್ನದು, ಈ ಕುರಿಗಳು ಏನು ಮಾಡಿದವು, ದಂಡನೆ ತನ್ನ ಮೇಲೆಯೇ ಬರಲಿ ಎಂದು ಅವನು ಮೊರೆಯಿಟ್ಟನು. ಮನೆಯ ಯಜಮಾನನ ತಪ್ಪಿಗೆ ಹೆಂಡತಿ ಮಕ್ಕಳು ಹಸಿದಿರುವುದನ್ನು ಕಂಡವರಿಗೆ ಈ ಪ್ರಾರ್ಥನೆಯ ತೂಕ ತಿಳಿದೀತು. ನಿಜವಾದ ಪಶ್ಚಾತ್ತಾಪವು ತನ್ನ ನೋವಿಗಾಗಿ ಮಾತ್ರ ಅಳುವುದಿಲ್ಲ. ತನ್ನಿಂದ ನೊಂದವರನ್ನು ಮೊದಲು ನೆನೆಯುತ್ತದೆ.

ಹಾಗಾದರೆ ಕರುಣೆಯನ್ನು ಬೇಡುವುದಕ್ಕೂ ಶಿಕ್ಷೆಯಿಂದ ನುಣುಚಿಕೊಳ್ಳುವುದಕ್ಕೂ ವ್ಯತ್ಯಾಸವೇನು? ಯೇಸುಸ್ವಾಮಿಯ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನನ್ನು ನೋಡಿರಿ. ತನಗಾದ ಶಿಕ್ಷೆ ನ್ಯಾಯವಾದುದೆಂದು ಅವನು ಒಪ್ಪಿಕೊಂಡನು. ಶಿಲುಬೆಯಿಂದ ಇಳಿಸೆಂದು ಕೇಳಲಿಲ್ಲ, ನೆನಪಿಸಿಕೊಳ್ಳೆಂದು ಮಾತ್ರ ಕೇಳಿದನು. ಶಿಲುಬೆಯಿಂದ ಅವನು ಇಳಿಯಲಿಲ್ಲ. ಪರಂಧಾಮದ ಬಾಗಿಲು ಮಾತ್ರ ಅವನಿಗೆ ತೆರೆಯಿತು.

ನಮ್ಮ ಮನೆಗಳಲ್ಲೂ ಈ ವಿವೇಕ ಅಗತ್ಯ. ಮಗನು ನಕಲು ಮಾಡಿ ಸಿಕ್ಕಿಬಿದ್ದಾಗ ಶಿಫಾರಸು ಪತ್ರ ಹಿಡಿದು ಓಡುವ ತಂದೆ ಕರುಣೆ ತೋರಿಸುತ್ತಿಲ್ಲ. ಮನೆಗೆ ಕಾಲಿಡಬೇಡವೆನ್ನುವ ತಂದೆ ನ್ಯಾಯವನ್ನು ಎತ್ತಿಹಿಡಿಯುತ್ತಲೂ ಇಲ್ಲ. ಶಿಕ್ಷೆಯನ್ನು ಅನುಭವಿಸಲು ಬಿಟ್ಟು, ಆ ದಿನಗಳಲ್ಲಿ ಮಗನ ಜೊತೆಗೆ ಕುಳಿತು ಉಣ್ಣುವವನೇ ಸ್ವರ್ಗೀಯ ತಂದೆಯನ್ನು ಹೋಲುತ್ತಾನೆ.

ವ್ಯಾಧಿ ನಿಂತದ್ದು ಅರೌನನ ಕಣದ ಬಳಿಯಲ್ಲಿ. ಉಚಿತವಾಗಿ ಕೊಡುತ್ತೇನೆಂದರೂ ಒಪ್ಪದೆ ದಾವೀದನು ಆ ಕಣವನ್ನೂ ಎತ್ತುಗಳನ್ನೂ 50 ಬೆಳ್ಳಿ ನಾಣ್ಯಗಳಿಗೆ ಕೊಂಡು ಬಲಿಪೀಠವನ್ನು ಕಟ್ಟಿಸಿದನು. ಅದೇ ನೆಲದಲ್ಲಿ ಸೊಲೊಮೋನನು ಜೆರುಸಲೇಮಿನ ದೇವಾಲಯವನ್ನು ನಿರ್ಮಿಸಿದನೆಂದು ಪೂರ್ವಕಾಲದ ವೃತ್ತಾಂತದ ಎರಡನೆಯ ಗ್ರಂಥವು ತಿಳಿಸುತ್ತದೆ. ಪ್ರಿಯ ಓದುಗರೇ, ನಾವು ದಂಡನೆಗೊಳಗಾದ ಸ್ಥಳವನ್ನೇ ದೇವರು ಪ್ರಾರ್ಥನೆಯ ಸ್ಥಳವನ್ನಾಗಿ ಮಾಡಬಲ್ಲರು. ತಪ್ಪಿನ ಭಾರವನ್ನು ಹೊತ್ತುಕೊಂಡೇ ಅವರ ಬಳಿಗೆ ಹೋಗೋಣ.