ಹನ್ನೆರಡು ಸೂಜಿಗೂ ಮೊದಲು ಒಂದು ಚಿತ್ರ

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಹಿಚುಕಿದರೆ ಸಾಕು. ಆದರೆ ರವೆ ಉಂಡೆಯೊಳಗೆ ಒಣದ್ರಾಕ್ಷಿ ಇದೆಯಾ ಅಂತ ಉಂಡೆ ಮುರಿಯದೆ, ಹೊರಗಿನಿಂದ ಸೂಜಿ ಚುಚ್ಚಿ ಹೇಳಿ ಅಂದರೆ? ಹನ್ನೆರಡು ಸಲ ಚುಚ್ಚಿದರೂ ದ್ರಾಕ್ಷಿ ತಪ್ಪಿಸಿಕೊಳ್ಳಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡುವ ಬಯಾಪ್ಸಿ ಬಹಳ ವರ್ಷ ನಡೆದದ್ದು ಹೆಚ್ಚುಕಡಿಮೆ ಹೀಗೇ.

ಪ್ರಾಸ್ಟೇಟ್ ಅನ್ನೋದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇರುವ ಸಣ್ಣ ಗ್ರಂಥಿ. ಯೌವನದಲ್ಲಿ ಬೆಟ್ಟದ ನೆಲ್ಲಿಕಾಯಿಯಷ್ಟು, ವಯಸ್ಸಾದಂತೆ ನಿಂಬೆಹಣ್ಣಿನಷ್ಟು, ಕೆಲವರಿಗೆ ಅದಕ್ಕಿಂತಲೂ ದೊಡ್ಡದು.

ಇದನ್ನೆಲ್ಲ ನಾನು ಓದಿಕೊಂಡದ್ದು ನಮ್ಮಪ್ಪನಿಂದಾಗಿ. ಅಪ್ಪನಿಗೆ 66. ತಿಪಟೂರಿನಲ್ಲಿದ್ದಾರೆ, ವಿದ್ಯುತ್ ಇಲಾಖೆಯಿಂದ ನಿವೃತ್ತರು. ರಕ್ತಪರೀಕ್ಷೆಯಲ್ಲಿ ಪಿಎಸ್‌ಎ 7.8 ಬಂದಿತ್ತು. ಆ ರಿಪೋರ್ಟನ್ನು ಅಮ್ಮನಿಗೂ ತೋರಿಸಲಿಲ್ಲ, ನನಗೂ ಹೇಳಲಿಲ್ಲ. ಅಳಿಯನಿಗೆ ವಾಟ್ಸ್ಆ್ಯಪ್ ಮಾಡಿದರು, "ಪುಟ್ಟಿಗೆ ಹೇಳ್ಬೇಡಿ" ಅನ್ನೋ ಸೂಚನೆಯ ಜೊತೆಗೆ. ನನ್ನ ಗಂಡ ಹತ್ತೇ ನಿಮಿಷದಲ್ಲಿ ಹೇಳಿಬಿಟ್ಟ ಅನ್ನಿ.

ಪಿಎಸ್‌ಎ ಜಾಸ್ತಿ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಗ್ರಂಥಿ ಊದಿಕೊಂಡರೂ, ಸೋಂಕಾದರೂ ಅದು ಏರುತ್ತೆ. ಸಾಮಾನ್ಯವಾಗಿ 4ಕ್ಕಿಂತ ಹೆಚ್ಚಾದರೆ ಮುಂದಿನ ತಪಾಸಣೆಯ ಮಾತು ಬರುತ್ತೆ. ಹಳೆಯ ಪದ್ಧತಿಯಲ್ಲಿ ಮುಂದಿನ ಹೆಜ್ಜೆ ಅಂದರೆ ನೇರ ಬಯಾಪ್ಸಿ. ಗುದನಾಳದೊಳಗೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು, ಗ್ರಂಥಿಯ ಬೇರೆ ಬೇರೆ ಭಾಗಗಳಿಂದ ಹತ್ತು–ಹನ್ನೆರಡು ಚೂರು ತೆಗೆಯೋದು. ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿ ಕಾಣುತ್ತೆ, ಆದರೆ ಗೆಡ್ಡೆ ಎಷ್ಟೋ ಸಲ ಕಾಣೋದೇ ಇಲ್ಲ. ಅಂದರೆ ಮನೆ ಗೊತ್ತು, ಕಳ್ಳ ಯಾವ ಕೋಣೆಯಲ್ಲಿದ್ದಾನೆ ಅಂತ ಗೊತ್ತಿಲ್ಲ.

ಇದರಿಂದ ಆಗುವ ತೊಂದರೆ ಎರಡು ಥರ. ಅಪಾಯಕಾರಿ ಗೆಡ್ಡೆ ಸೂಜಿಗೆ ಸಿಗದೇ ಹೋಗಬಹುದು. ಅಥವಾ ಜೀವಮಾನವಿಡೀ ಸುಮ್ಮನಿರಬಹುದಾಗಿದ್ದ ಪುಟ್ಟ ಕ್ಯಾನ್ಸರ್ ಸೂಜಿಗೆ ಸಿಕ್ಕಿ, ಮನೆಯವರ ನಿದ್ದೆಯೆಲ್ಲ ಹೋಗಬಹುದು. ಎರಡನೆಯದನ್ನು ನಾವು ತೊಂದರೆ ಅಂತಲೇ ಎಣಿಸಲ್ಲ, 'ಸದ್ಯ, ಬೇಗ ಗೊತ್ತಾಯ್ತಲ್ಲ' ಅಂತೀವಿ. ಆದರೆ ಬೇಡದ ಆಪರೇಷನ್‌ನಿಂದ ಮೂತ್ರ ಹಿಡಿದಿಟ್ಟುಕೊಳ್ಳೋಕೆ ಆಗದಿರೋದು, ಲೈಂಗಿಕ ತೊಂದರೆ ಇವೆಲ್ಲ ನಿಜವಾದ ಕಷ್ಟಗಳೇ.

ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ 'ಪ್ರಾಮಿಸ್' ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. 576 ಗಂಡಸರಿಗೆ ಎಂಆರ್‌ಐ, ಹಳೆಯ ಥರದ ಬಯಾಪ್ಸಿ, ಜೊತೆಗೆ ಪ್ರತಿ 5 ಮಿ.ಮೀ.ಗೊಂದು ಚೂರು ತೆಗೆಯುವ ಕೂಲಂಕಷ ಬಯಾಪ್ಸಿ, ಮೂರನ್ನೂ ಮಾಡಿದರು. ಮೂರನೆಯದನ್ನೇ ಸರಿಯುತ್ತರ ಅಂತಿಟ್ಟುಕೊಂಡು ನೋಡಿದರೆ, ಗಂಭೀರ ಕ್ಯಾನ್ಸರ್‌ಗಳಲ್ಲಿ ಹಳೆಯ ಬಯಾಪ್ಸಿ ಹಿಡಿದದ್ದು ಶೇ. 48. ನಾಣ್ಯ ಚಿಮ್ಮಿದ ಹಾಗೆ! ಎಂಆರ್‌ಐ ಶೇ. 93ರಷ್ಟನ್ನು ಗುರುತಿಸಿತು. ಹಾಗಂತ ಎಂಆರ್‌ಐ ದೇವರಲ್ಲ. ಏನೂ ಇಲ್ಲದಲ್ಲೂ ಅದು ಆಗಾಗ ಕೈ ಎತ್ತುತ್ತೆ, ಅದಕ್ಕೇ ಬಯಾಪ್ಸಿ ಪೂರ್ತಿ ತಪ್ಪಲ್ಲ.

ಮರುವರ್ಷ, 500 ಜನರ ಮೇಲೆ ನಡೆದ 'ಪ್ರಿಸಿಷನ್' ಅಧ್ಯಯನ ಬಂತು. ಅರ್ಧ ಜನಕ್ಕೆ ನೇರ ಬಯಾಪ್ಸಿ. ಉಳಿದರ್ಧಕ್ಕೆ ಮೊದಲು ಎಂಆರ್‌ಐ, ಅದರಲ್ಲಿ ಅನುಮಾನ ಬಂದರೆ ಮಾತ್ರ ಅದೇ ಜಾಗಕ್ಕೆ ಸೂಜಿ. ಗಂಭೀರ ಕ್ಯಾನ್ಸರ್ ಸಿಕ್ಕಿದ್ದು ಎಂಆರ್‌ಐ ಗುಂಪಿನಲ್ಲಿ ಶೇ. 38 ಜನರಿಗೆ, ಇನ್ನೊಂದರಲ್ಲಿ ಶೇ. 26. ನಿರುಪದ್ರವಿ ಕ್ಯಾನ್ಸರ್ ಸಿಕ್ಕಿದ್ದು ಶೇ. 9 ಮತ್ತು ಶೇ. 22. ಎಂಆರ್‌ಐ ಗುಂಪಿನ ಕಾಲುಭಾಗಕ್ಕಿಂತ ಹೆಚ್ಚು ಜನ ಸೂಜಿಯೇ ಇಲ್ಲದೆ ಮನೆಗೆ ಹೋದರು.

ಎಂಆರ್‌ಐ ಗೆಡ್ಡೆಯನ್ನು ಹೇಗೆ ಕಾಣುತ್ತೆ ಅನ್ನೋದೂ ಚೆಂದದ ವಿಷಯ. ಜೀವಕೋಶಗಳು ಕಿಕ್ಕಿರಿದ ಕಡೆ ನೀರಿನ ಕಣಗಳು ಸಲೀಸಾಗಿ ಓಡಾಡಲಾರವು, ಸಂಜೆ ಆರರ ಸಿಲ್ಕ್ ಬೋರ್ಡ್ ಥರ. ಯಂತ್ರ ಆ ಓಡಾಟವನ್ನೇ ಅಳೆಯುತ್ತೆ. ಇದರಲ್ಲಿ ಎಕ್ಸ್‌ರೇ ವಿಕಿರಣ ಇಲ್ಲ. ರೇಡಿಯಾಲಜಿಸ್ಟ್ ಎಲ್ಲ ನೋಡಿ 1ರಿಂದ 5ರವರೆಗೆ 'ಪೈ-ರಾಡ್ಸ್' ಅಂಕ ಕೊಡ್ತಾರೆ. 1, 2 ಬಂದರೆ ಅನುಮಾನ ಕಮ್ಮಿ, 4, 5 ಬಂದರೆ ಬಯಾಪ್ಸಿ ಬೇಕು, 3 ತ್ರಿಶಂಕು. ಆಗ ಪಿಎಸ್‌ಎಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಿ ನೋಡ್ತಾರೆ. 0.15 ದಾಟಿದರೆ ಅನುಮಾನ ಹೆಚ್ಚು.

ಇನ್ನು ನನ್ನಂಥ ಕೋಡ್ ಬರೆಯೋರಿಗೆ ಕಿವಿ ನೆಟ್ಟಗಾಗುವ ಭಾಗ. ಎಂಆರ್‌ಐ ತೆಗೆದದ್ದು ಒಂದು ದಿನ, ಸೂಜಿ ಹಾಕೋದು ಇನ್ನೊಂದು ದಿನ, ಬೇರೆ ಕೋಣೆ, ಬೇರೆ ಯಂತ್ರ. ಅಲ್ಲಿ ಕಂಡ ಚುಕ್ಕೆಯನ್ನು ಇಲ್ಲಿ ಹುಡುಕೋದು ಹೇಗೆ? ಮೂರು ದಾರಿಗಳಿವೆ. ವೈದ್ಯರು ಎಂಆರ್‌ಐ ನೋಡಿ ಜಾಗ ನೆನಪಿಟ್ಟುಕೊಂಡು ಅಂದಾಜಿನಲ್ಲಿ ಗುರಿಯಿಡೋದು ಒಂದು. ರೋಗಿ ಎಂಆರ್‌ಐ ಯಂತ್ರದೊಳಗೆ ಮಲಗಿರುವಾಗಲೇ ಸೂಜಿ ಹಾಕೋದು ಇನ್ನೊಂದು. ನಿಖರ, ಆದರೆ ನಿಧಾನ, ದುಬಾರಿ. ಮೂರನೆಯದು ಫ್ಯೂಷನ್: ಸಾಫ್ಟ್‌ವೇರ್ ಎಂಆರ್‌ಐ ಚಿತ್ರವನ್ನು ಲೈವ್ ಅಲ್ಟ್ರಾಸೌಂಡ್ ಮೇಲೆ ಕೂರಿಸುತ್ತೆ.

ಕೂರಿಸೋದು ಅಂದಷ್ಟು ಸುಲಭ ಅಲ್ಲ. ಪ್ರಾಸ್ಟೇಟ್ ಮೆತ್ತಗಿನ ಅಂಗ. ಪ್ರೋಬ್ ಒತ್ತಿದರೆ ಆಕಾರವೇ ಬದಲಾಗುತ್ತೆ, ಮೂತ್ರ ತುಂಬಿದ್ದರೆ ಜಾಗ ಸರಿಯುತ್ತೆ. ಚಿತ್ರವನ್ನು ಇದ್ದ ಹಾಗೇ ತಿರುಗಿಸಿ, ಸರಿಸಿ ಹೊಂದಿಸುವ ಸಾಫ್ಟ್‌ವೇರ್ ಒಂದು ಬಗೆ. ರಬ್ಬರ್ ಹಾಳೆಯ ಥರ ಎಳೆದು ಹೊಂದಿಸೋದು ಇನ್ನೊಂದು ಬಗೆ. ನಮ್ಮ ಆ್ಯಪ್‌ನಲ್ಲಿ ಬಟನ್ 3 ಮಿ.ಮೀ. ಆಚೀಚೆಯಾದರೆ ಟೆಸ್ಟಿಂಗ್‌ನವರು ಬೈತಾರೆ ಅಷ್ಟೇ. ಇಲ್ಲಿ 3 ಮಿ.ಮೀ. ತಪ್ಪಿದರೆ ಸಣ್ಣ ಗೆಡ್ಡೆಯೇ ತಪ್ಪಿಹೋಗಬಹುದು. ಅದಕ್ಕೇ ಒಂದು ಗುರಿಯಿಂದ ಎರಡು–ಮೂರು ಚೂರು ತೆಗೀತಾರೆ.

ಸಾಫ್ಟ್‌ವೇರ್ ಇದ್ದಲ್ಲೇ ಹೋಗಬೇಕು ಅಂತ ನಾನು ಹಟ ಹಿಡಿದಿದ್ದೆ. ಆದರೆ 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಈ ಮೂರೂ ದಾರಿಗಳನ್ನು ಹೋಲಿಸಿ ನೋಡಿತು, ಕ್ಯಾನ್ಸರ್ ಪತ್ತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನನ್ನ ವೃತ್ತಿಗೆ ಸ್ವಲ್ಪ ಅವಮಾನ ಅನ್ನಿಸಿದರೂ ಒಪ್ಪಲೇಬೇಕು: ಯಂತ್ರಕ್ಕಿಂತ ಎಂಆರ್‌ಐ ಓದುವ ಕಣ್ಣು, ಸೂಜಿ ಹಿಡಿದ ಕೈ ಮುಖ್ಯ.

ಸೂಜಿ ಹೋಗುವ ದಾರಿಯನ್ನೂ ಕೇಳಿಕೊಳ್ಳಿ. ಗುದನಾಳದ ಮೂಲಕ ಹೋದರೆ ಅಲ್ಲಿನ ಬ್ಯಾಕ್ಟೀರಿಯಾ ಜೊತೆಗೇ ಒಳಹೋಗಿ ಸೋಂಕಾಗಬಹುದು, ಆ್ಯಂಟಿಬಯಾಟಿಕ್ ಬೇಕೇ ಬೇಕು. ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದಿಂದ ಹೋದರೆ ಆ ಭಯ ಕಮ್ಮಿ. ಗ್ರಂಥಿಯ ಮುಂಭಾಗವನ್ನು ತಲುಪೋದೂ ಸುಲಭ.

ಅಪ್ಪನ ವಿಷಯದಲ್ಲಿ ಇದೇ ಮುಖ್ಯವಾಯಿತು. ಬೆಂಗಳೂರಿನ ಯುರಾಲಜಿಸ್ಟ್ ಮೊದಲು ಎಂಆರ್‌ಐ ಮಾಡಿಸಿದರು. ಪೈ-ರಾಡ್ಸ್ 4, ಸುಮಾರು 9 ಮಿ.ಮೀ., ಅದೂ ಗ್ರಂಥಿಯ ಮುಂಭಾಗದಲ್ಲಿ. ಹಿಂದಿನಿಂದ ಹೋಗುವ ಸೂಜಿಗೆ ಸುಲಭಕ್ಕೆ ಸಿಗದ ಮೂಲೆ. "ನೇರ ಮಾಡಿದ್ರೆ 'ಏನಿಲ್ಲ' ಅಂತ ರಿಪೋರ್ಟ್ ಬರೋ ಸಾಧ್ಯತೆ ಇತ್ತು" ಅಂದರು ಡಾಕ್ಟರು. ಫ್ಯೂಷನ್ ಬಯಾಪ್ಸಿಯಲ್ಲಿ ಗ್ಲೀಸನ್ 3+4 ಬಂತು. ನಡುಮಟ್ಟದ್ದು, ಸುಮ್ಮನೆ ಬಿಡುವಂಥದ್ದಲ್ಲ. ಆಪರೇಷನ್ನಾ, ರೇಡಿಯೇಷನ್ನಾ ಅನ್ನೋ ಮಾತುಕತೆ ಈಗ ನಡೀತಿದೆ, ಮತ್ತು ಅಮ್ಮನೂ ಆ ಮಾತಿನಲ್ಲಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ರಿಪೋರ್ಟ್ ಬಂದರೆ, ಎಂಆರ್‌ಐ ಬಯಾಪ್ಸಿಗಿಂತ ಮುಂಚೆ ಆಗಲಿ. ಬಯಾಪ್ಸಿ ಆದಮೇಲೆ ಗ್ರಂಥಿಯೊಳಗೆ ರಕ್ತ ನಿಂತು ಕೆಲವು ವಾರ ಚಿತ್ರ ಮಸುಕಾಗುತ್ತೆ. ಪೇಸ್‌ಮೇಕರ್, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೋತಿದ್ದರೆ ಅದನ್ನೂ ಹೇಳಿ. ಎಂಆರ್‌ಐ ಚೆನ್ನಾಗಿದ್ದರೂ ಮನೆತನದಲ್ಲಿ ಈ ಕ್ಯಾನ್ಸರ್ ಇದ್ದರೆ ಡಾಕ್ಟರ್ ಬಯಾಪ್ಸಿ ಬೇಕು ಅನ್ನಬಹುದು, ಅದರಲ್ಲಿ ಅರ್ಥವಿದೆ. ಇನ್ನು ಸ್ಕ್ಯಾನ್ ಸೆಂಟರಿನವರು ಕೊಡುವ ದೊಡ್ಡ ಕಪ್ಪು ಫಿಲ್ಮ್ ಹಿಡಿದು ಬಂದರೆ ಸಾಲದು. ಫ್ಯೂಷನ್ ಯಂತ್ರಕ್ಕೆ ಮೂಲ ಡೈಕಾಮ್ ಫೈಲ್‌ಗಳೇ ಬೇಕು. ಸಿಡಿ ಕೇಳಿ ಇಸ್ಕೊಳ್ಳಿ, ಮನೆಗೆ ಬಂದು ಒಂದು ಕಾಪಿ ಪೆನ್‌ಡ್ರೈವ್‌ಗೂ ಹಾಕಿಡಿ.